ಪ್ರಾಕ್ಟೀಸ್‌ನಲ್ಲಿ ಸೂಪರ್, ಮ್ಯಾಚ್‌ನಲ್ಲಿ ಖಾಲಿ ರೈಡ್: "ಎಲ್ಲರೂ ಏನಂತಾರೆ" ಅನ್ನುವ ಭಯ ಬಿಡಿಸೋದು ಹೇಗೆ?

ಪಿಟಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ನಮ್ಮ ಹುಡುಗಿಯರ ಕಬಡ್ಡಿ ತಂಡದ ವಿಷಯಕ್ಕೆ ಸಲಹೆ ಬೇಕಿತ್ತು.

ಒಂಬತ್ತನೇ ಕ್ಲಾಸಿನ ಒಬ್ಬಳು ನಮ್ಮ ಮೇನ್ ರೈಡರ್, ಅಂದರೆ ಎದುರಿನ ಅಂಕಣಕ್ಕೆ ನುಗ್ಗಿ ಪಾಯಿಂಟ್ ತರುವವಳು. ಸಂಜೆ ಪ್ರಾಕ್ಟೀಸ್‌ನಲ್ಲಿ ಅವಳನ್ನು ಹಿಡಿಯೋದು ಹುಡುಗರಿಗೂ ಕಷ್ಟ. ಬೋನಸ್ ಗೆರೆಯಾಚೆ ಕಾಲಿಟ್ಟು ಪಾಯಿಂಟ್ ತಗೊಂಡು, ತಿರುಗುವಾಗ ಕಾರ್ನರ್‌ನವಳ (ಅಂಚಿನಲ್ಲಿ ನಿಲ್ಲುವ ಡಿಫೆಂಡರ್) ಕೈಯನ್ನೂ ಮುಟ್ಟಿ ಬರುತ್ತಾಳೆ. ಅದೇ ಹುಡುಗಿ ಹೋಬಳಿ ಮಟ್ಟದ ಮ್ಯಾಚ್‌ಗೆ ಇಳಿದರೆ ಬೇರೆಯೇ ಆಗಿಬಿಡುತ್ತಾಳೆ. ರೈಡರ್ ದಾಟಲೇಬೇಕಾದ ಬಾಕ್ ಲೈನ್ ದಾಟಿದ ತಕ್ಷಣ ವಾಪಸ್. ಪಾಯಿಂಟೇ ಇಲ್ಲದ ಒಂದು ಖಾಲಿ ರೈಡ್, ಇನ್ನೊಂದು ಖಾಲಿ ರೈಡ್. ಮೂರನೇ ರೈಡ್‌ನಲ್ಲಿ ಪಾಯಿಂಟ್ ತರದಿದ್ದರೆ ಔಟ್ ಅನ್ನುವ ನಿಯಮ ಇಟ್ಟಿದ್ದರು. ಆ ರೈಡ್‌ಗೆ ಹೋದವಳು ಎದುರಿನ ಡಿಫೆಂಡರ್‌ಗಳನ್ನು ನೋಡೋದು ಬಿಟ್ಟು ನಮ್ಮ ಕಡೆ ತಿರುಗಿ ತಿರುಗಿ ನೋಡಿದಳು. ಸಿಕ್ಕಿಬಿದ್ದಳು.

ಆಮೇಲೆ ಕೇಳಿದ್ದಕ್ಕೆ "ನನ್ನಿಂದ ಸೋತರೆ ಎಲ್ಲರೂ ಏನಂತಾರೆ ಸರ್" ಅಂದಳು. ಫಿಟ್‌ನೆಸ್, ಟೆಕ್ನಿಕ್ ಯಾವುದೂ ಸಮಸ್ಯೆ ಅಲ್ಲ. ಇದಕ್ಕೆ ಏನು ಮಾಡಬೇಕು? ನಿಮ್ಮ ತಂಡಗಳಲ್ಲಿ ಏನು ಮಾಡಿದ್ದೀರಿ?

ಹಳೇ ಕಾರ್ನರ್:
ಮೇಷ್ಟ್ರೇ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜನರ ಮುಂದೆ ಆಡಿಸಿ, ಆಡಿಸಿ, ಆಡಿಸಿ. ತಾನೇ ಹೋಗುತ್ತೆ. ನಮ್ಮ ಕಾಲದಲ್ಲಿ ಕೋಚ್ ಎಲ್ಲರ ಎದುರೇ ಬೈಯುತ್ತಿದ್ದರು. ಮರುದಿನ ಚೆನ್ನಾಗಿ ಆಡುತ್ತಿದ್ದೆವು. ಈಗಿನ ಮಕ್ಕಳಿಗೆ ಒಂದು ಮಾತು ಆಡುವ ಹಾಗಿಲ್ಲ.

ನಿರ್ವಾಹಕ:
ಒಂದು ಮನವಿ. ಚಿಕ್ಕ ವಯಸ್ಸಿನ ಆಟಗಾರ್ತಿಯರ ಬಗ್ಗೆ ಮಾತಾಡುತ್ತಿದ್ದೇವೆ. ಹೆಸರು, ಶಾಲೆ, ಊರು, ಮ್ಯಾಚ್ ವಿಡಿಯೊ ಯಾವುದನ್ನೂ ಇಲ್ಲಿ ಹಾಕಬೇಡಿ.

ಕರಾವಳಿ ರೈಡರ್:
ಸರ್, ನಾನು ಕಾಲೇಜು, ಯೂನಿವರ್ಸಿಟಿ ಮಟ್ಟದವರೆಗೆ ಆಡಿದವಳು. ಮೊದಲು ಒಂದು ಕೆಲಸ ಮಾಡಿ. "ಎಲ್ಲರೂ" ಅಂದರೆ ಯಾರು ಅಂತ ಆ ಹುಡುಗಿಯನ್ನು ಕೇಳಿ. ನೀವೇ ಕೇಳಿದರೆ ಹೇಳದೆ ಇರಬಹುದು. ಅವಳಿಗೆ ಹತ್ತಿರದ ಮೇಡಂ ಯಾರಾದರೂ ಕೇಳಲಿ. ಎಲ್ಲರಿಗೂ ಯಾರೂ ಹೆದರುವುದಿಲ್ಲ. ಇಬ್ಬರೋ ಮೂವರೋ ಇರುತ್ತಾರೆ, ಅಷ್ಟೇ.

ನಮ್ಮಲ್ಲಿ ಹುಡುಗಿಯರು ಯಾವುದಕ್ಕೆ ಹೆದರುತ್ತಿದ್ದೆವು ಅಂತ ಬಿಚ್ಚಿ ಹೇಳುತ್ತೇನೆ. ಗಂಡಸು ಕೋಚ್‌ಗಳಿಗೆ ಇದು ಗೊತ್ತಾಗುವುದೇ ಇಲ್ಲ. ಒಂದು, ಶಾರ್ಟ್ಸ್. ಊರಿನ ಮ್ಯಾಚ್‌ನಲ್ಲಿ ದೊಡ್ಡಪ್ಪನೋ ಮಾವನೋ ಬಂದು ನಿಂತಿದ್ದರೆ ಅರ್ಧ ಗಮನ ಬಟ್ಟೆ ಎಳೆದುಕೊಳ್ಳುವುದರಲ್ಲೇ ಹೋಗುತ್ತದೆ. ಎರಡು, ತಿಂಗಳ ಆ ದಿನಗಳು. ಡಿಫೆಂಡರ್‌ಗಳು ಕಾಲು ಹಿಡಿದು ಎಳೆದು ಬೀಳಿಸುವ ಆಟ ಇದು. ಕಲೆ ಆದರೆ ಏನು ಗತಿ ಅನ್ನುವ ಭಯ ಒಂದಿದ್ದರೆ ಎಂಥ ರೈಡರ್ ಆದರೂ ಬಾಕ್ ಲೈನ್ ದಾಟಿ ಓಡಿ ಬರುತ್ತಾಳೆ. ಮೂರು, ಮೊಬೈಲ್. ಈಗ ಹೊನಲು ಬೆಳಕಿನ ಪಂದ್ಯಾವಳಿಗೆ ಹೋದರೆ ಅಂಕಣದ ಸುತ್ತ ಎಲ್ಲರ ಕೈಯಲ್ಲೂ ಫೋನ್. ಬಿದ್ದಿದ್ದು ಮಾತ್ರ ರೀಲ್ಸ್ ಆಗುತ್ತದೆ. ನಾಲ್ಕು, ಮೈಕ್. ವೀಕ್ಷಕ ವಿವರಣೆ ಕೊಡುವವರು ಜನರನ್ನು ನಗಿಸಲಿಕ್ಕೆ ಹುಡುಗಿಯರ ಮೇಲೆ ಒಂದು ಮಾತು ಎಸೆಯುತ್ತಾರೆ. ಊರೆಲ್ಲ ಕೇಳುತ್ತದೆ.

ಇವು ಧ್ಯಾನ ಮಾಡಿಸಿ ಹೋಗಿಸುವ ಭಯಗಳಲ್ಲ. ಕಡು ಬಣ್ಣದ ಶಾರ್ಟ್ಸ್ ಕೊಡಿ, ಬೇಕು ಅಂದವರಿಗೆ ಒಳಗೆ ಲೆಗ್ಗಿಂಗ್ಸ್ ಹಾಕಲಿಕ್ಕೆ ಬಿಡಿ. ತಂಡದ ಬ್ಯಾಗಿನಲ್ಲಿ ಪ್ಯಾಡ್ ಮತ್ತೆ ಒಂದು ಎಕ್ಸ್‌ಟ್ರಾ ಟ್ರ್ಯಾಕ್ ಪ್ಯಾಂಟ್ ಇಟ್ಟು, ಇದೆ ಅಂತ ಎಲ್ಲರಿಗೂ ಹೇಳಿ. ಜೊತೆಗೆ ಒಬ್ಬರು ಮೇಡಂ ಬರಲೇಬೇಕು. ಮೈಕ್ ಹಿಡಿದವರ ಹತ್ತಿರ ಮ್ಯಾಚ್‌ಗೆ ಮುಂಚೆ ಹೋಗಿ "ಮಕ್ಕಳಿದ್ದಾರೆ, ಆಟದ ಬಗ್ಗೆ ಮಾತ್ರ ಹೇಳಿ ಅಣ್ಣ" ಅನ್ನಿ. ಹೆಚ್ಚಿನವರು ಕೇಳುತ್ತಾರೆ.

ನನಗೆ ಮನೆಯಲ್ಲಿ "ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ" ಅಂದವರಿದ್ದರು. ಅಮ್ಮ ಅವರಿಗೆ ಒಂದೇ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಿದ್ದರು: ಮಮತಾ ಪೂಜಾರಿ. ಕಾರ್ಕಳ ತಾಲ್ಲೂಕಿನವರು. 2012ರಲ್ಲಿ ಪಟ್ನಾದಲ್ಲಿ ಭಾರತ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದಾಗ ಅವರೇ ಕ್ಯಾಪ್ಟನ್. ಮುಂದೆ ಅರ್ಜುನ ಪ್ರಶಸ್ತಿ ಬಂತು. ನಮ್ಮ ಕಡೆ ಆ ಹೆಸರಿಗೆ ಎದುರು ಮಾತಿಲ್ಲ. ನಿಮ್ಮ ಕಡೆಯ ಆಟಗಾರ್ತಿ ಯಾರಾದರೂ ಇದ್ದರೆ ಮನೆಯವರ ಹತ್ತಿರ ಮಾತಾಡುವಾಗ ಅವರ ಹೆಸರು ಎತ್ತಿ.

ಲೆಕ್ಕದ ಮೇಡಂ:
ಹಳೇ ಕಾರ್ನರ್ ಅವರಿಗೆ ಒಂದು ಮಾತು. ಬೈದ ಮರುದಿನ ಚೆನ್ನಾಗಿ ಆಡಿದಿರಿ ಅಂದಿರಿ. ನಿಜ ಇರಬಹುದು. ಬೈದಿದ್ದಕ್ಕೇ ಚೆನ್ನಾಗಿ ಆಡಿದಿರಿ ಅನ್ನುವುದು ಮಾತ್ರ ಅನುಮಾನ.

ಒಬ್ಬ ರೈಡರ್ ಮಾಮೂಲಿಯಾಗಿ 10 ರೈಡ್‌ಗೆ 4 ಪಾಯಿಂಟ್ ತರುತ್ತಾಳೆ ಅಂದುಕೊಳ್ಳಿ. ಒಂದು ದಿನ ಸೊನ್ನೆ. ಕೋಚ್ ಬೈದರು. ಮರುದಿನ 4 ಬಂತು. ಬೈಯದೇ ಇದ್ದರೂ ಹೆಚ್ಚುಕಡಿಮೆ 4 ಬರುತ್ತಿತ್ತು, ಅದು ಅವಳ ಮಾಮೂಲಿ ಲೆವೆಲ್. ಇನ್ನೊಂದು ದಿನ 8 ತಂದಳು. ಹೊಗಳಿದರು. ಮರುದಿನ ಮತ್ತೆ 4. "ನೋಡಿ, ಹೊಗಳಿದರೆ ಕೆಡುತ್ತಾರೆ" ಅಂತ ಕೋಚ್ ತೀರ್ಮಾನ ಮಾಡಿಬಿಡುತ್ತಾರೆ. ಇಸ್ರೇಲ್ ವಾಯುಪಡೆಯ ತರಬೇತುದಾರರು ಇದೇ ವಾದ ಮಾಡಿದ್ದರು. ಅದರ ಹಿಂದಿನ ಲೆಕ್ಕವನ್ನು ಗುರುತಿಸಿದವರು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ.

ಬೈಗುಳದಿಂದ ಪಾಯಿಂಟ್ ಹೆಚ್ಚಾಗುತ್ತೋ ಇಲ್ಲವೋ, ಬೆಂಚ್ ಕಡೆ ತಿರುಗಿ ನೋಡುವ ಅಭ್ಯಾಸವಂತೂ ಹೆಚ್ಚಾಗುತ್ತದೆ.

ಹಳೇ ಕಾರ್ನರ್:
ಮೇಡಂ, ಲೆಕ್ಕ ಅರ್ಥವಾಯಿತು. ಹಾಗಂತ "ಸೂಪರ್ ಮಗಳೇ, ಸೂಪರ್" ಅನ್ನುತ್ತಾ ಕೂತರೆ ಆಟ ಬರುತ್ತಾ? ಸಿಕ್ಕಿಬಿದ್ದು ಬಂದವಳಿಗೂ ಚಪ್ಪಾಳೆ ತಟ್ಟುವುದನ್ನು ನೋಡಿದ್ದೇನೆ. ಆ ಮಕ್ಕಳಿಗೇ ಅದು ಸುಳ್ಳು ಅಂತ ಗೊತ್ತಿರುತ್ತದೆ.

ಲೆಕ್ಕದ ಮೇಡಂ:
ಅದನ್ನು ನಾನೂ ಒಪ್ಪುತ್ತೇನೆ. ಬೈಯುವುದೂ ಬೇಡ, ಸುಮ್ನೆ ಹೊಗಳುವುದೂ ಬೇಡ. "ಎಡ ಕಾರ್ನರ್ ಮುಂದೆ ಬಂದಿದ್ದಳು, ನೀನು ನೋಡಲಿಲ್ಲ" ಅಂತ ಆಗಿದ್ದನ್ನು ಹೇಳಿ ಮುಗಿಸಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ, ಮುಂದಿನ ರೈಡ್‌ಗೆ ಉಪಯೋಗವೂ ಆಗುತ್ತದೆ.

ಪಿಟಿ ಮೇಷ್ಟ್ರು:
ಕರಾವಳಿ ರೈಡರ್ ಮೇಡಂ, ನಿಮ್ಮ ಮಾತಿನಂತೆ ನಮ್ಮ ಹಿಂದಿ ಮೇಡಂ ಹತ್ತಿರ ಕೇಳಿಸಿದೆ. ಪ್ರೇಕ್ಷಕರೂ ಅಲ್ಲ, ಮನೆಯವರೂ ಅಲ್ಲ. ಹತ್ತನೇ ಕ್ಲಾಸಿನ ಇಬ್ಬರು ಸೀನಿಯರ್‌ಗಳಂತೆ. ಅದರಲ್ಲಿ ಒಬ್ಬಳು ನಮ್ಮ ಕ್ಯಾಪ್ಟನ್. ಇವಳು ಔಟ್ ಆಗಿ ಬಂದು ಕೂತರೆ ಅವರು ಮುಖ ತಿರುಗಿಸುತ್ತಾರಂತೆ. ಒಮ್ಮೆ "ನಿನ್ನಿಂದಾಗಿ ನಾವೆಲ್ಲ ಕೂರಬೇಕು" ಅಂದರಂತೆ. ಆ ಹುಡುಗಿಯರು ಕೆಟ್ಟವರಲ್ಲ. ಅವರಿಗೆ ಇದು ಕೊನೆಯ ವರ್ಷ, ಜಿಲ್ಲಾ ಮಟ್ಟಕ್ಕೆ ಹೋಗುವ ಆಸೆ. ಈಗ ಏನು ಮಾಡಲಿ? ಕ್ಯಾಪ್ಟನ್ ಬದಲಿಸಲಾ?

ವಾಲಿಬಾಲ್ ಸೆಟ್ಟರ್:
ಬದಲಿಸಬೇಡಿ ಸರ್. ಬದಲಿಸಿದರೆ ಆ ಚಿಕ್ಕ ಹುಡುಗಿಯ ಮೇಲೆ ಇನ್ನೊಂದು ಭಾರ ಬೀಳುತ್ತದೆ, "ಇವಳಿಂದ ಕ್ಯಾಪ್ಟನ್ ಹೋಯಿತು" ಅಂತ.

ನಾನು ವಾಲಿಬಾಲ್‌ನವನು. ಟಿವಿಯಲ್ಲಿ ವಾಲಿಬಾಲ್ ನೋಡಿದ್ದರೆ ಗಮನಿಸಿರುತ್ತೀರಿ. ಪ್ರತಿ ಪಾಯಿಂಟ್ ಮುಗಿದ ಮೇಲೂ ಆರೂ ಜನ ನಡುವೆ ಬಂದು ಕೈ ತಟ್ಟುತ್ತಾರೆ. ಗೆದ್ದ ಪಾಯಿಂಟ್‌ಗೂ ಅಷ್ಟೇ, ಸರ್ವೀಸ್ ನೆಟ್‌ಗೆ ಹೊಡೆದವನಿಗೂ ಅಷ್ಟೇ. ತಪ್ಪು ಮಾಡಿದವನು ಒಬ್ಬನೇ ನಿಲ್ಲಲಿಕ್ಕೆ ಜಾಗವೇ ಇರುವುದಿಲ್ಲ.

ಕಬಡ್ಡಿಯಲ್ಲಿ ಇದಕ್ಕೆ ಉಲ್ಟಾ. ಔಟ್ ಆದವಳು ಎದ್ದು, ಮಣ್ಣು ಕೊಡವಿಕೊಂಡು, ಎಲ್ಲರ ಕಣ್ಣೆದುರೇ ನಡೆದುಕೊಂಡು ಹೋಗಿ ಹೊರಗೆ ಕೂರಬೇಕು. ತನ್ನ ತಂಡ ಎದುರಿನವರನ್ನು ಔಟ್ ಮಾಡಿದಾಗ ವಾಪಸ್ ಒಳಗೆ. ಅಲ್ಲಿವರೆಗೆ ಸುಮ್ಮನೆ ಕೂತಿರಬೇಕು. ನನ್ನ ಪ್ರಕಾರ ನಿಮ್ಮ ಸಮಸ್ಯೆ ಇರುವುದು ರೈಡ್‌ನಲ್ಲಿ ಅಲ್ಲ, ಆ ನಡಿಗೆಯಲ್ಲಿ ಮತ್ತು ಆ ಕೂರುವ ಜಾಗದಲ್ಲಿ. ಮುಂದೆ ಏನು ಕಾದಿದೆ ಅಂತ ಅವಳಿಗೆ ಗೊತ್ತಿದೆ. ಅದಕ್ಕೇ ರೈಡ್‌ನಲ್ಲಿ ರಿಸ್ಕ್ ತಗೊಳ್ಳುತ್ತಿಲ್ಲ. ಖಾಲಿ ರೈಡ್ ಮಾಡಿ ಬಂದರೆ ಯಾರೂ ಏನೂ ಅನ್ನುವುದಿಲ್ಲವಲ್ಲ! ಹುಡುಗಿ ಬುದ್ಧಿವಂತೆ.

ಹಾಗಾಗಿ ಕೂತವಳಿಗೆ ಒಂದು ಕೆಲಸ ಕೊಡಿ. ಎದುರಿನ ತಂಡದ ಯಾವ ಡಿಫೆಂಡರ್ ಮೊದಲು ಕಾಲು ಹಾಕುತ್ತಾಳೆ, ಪಕ್ಕದವಳ ಕೈ ಹಿಡಿದ ಚೈನ್ ಯಾರು ಬಿಡುತ್ತಾಳೆ ಅಂತ ನೋಡಿ, ಒಳಗೆ ಬಂದ ಮೇಲೆ ಮುಂದಿನ ರೈಡರ್‌ಗೆ ಹೇಳಬೇಕು. ಔಟ್ ಆದವಳ ಹೆಗಲು ತಟ್ಟಿ ಕಳಿಸುವುದು ಕ್ಯಾಪ್ಟನ್ ಕೆಲಸ ಅಂತ ಮಾಡಿ. ಮನಸ್ಸಿಲ್ಲದಿದ್ದರೂ ಮಾಡಲಿ. ಮಾಡುತ್ತಾ ಮಾಡುತ್ತಾ ಬರುತ್ತದೆ.

ಸೀನಿಯರ್‌ಗಳ ಮಾತಿಗೆ ಎಷ್ಟು ತೂಕ ಇದೆ ಅನ್ನುವುದಕ್ಕೆ ಕ್ರಿಕೆಟ್ ಬೌಲರ್ ಅರ್ಷದೀಪ್ ಸಿಂಗ್ ಉದಾಹರಣೆ ಕೊಡಿ. 2022ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ಮೇಲೆ ಆಸಿಫ್ ಅಲಿ ಕ್ಯಾಚ್ ಬಿಟ್ಟರು. ಸುಲಭದ ಕ್ಯಾಚ್. ಆ ರಾತ್ರಿ ಸೋಷಿಯಲ್ ಮೀಡಿಯಾದಲ್ಲಿ ಏನೇನು ಬೈದರು ಅಂತ ನೆನಪಿದೆಯಲ್ಲ. ಮ್ಯಾಚ್ ಆದ ಮೇಲೆ ಪತ್ರಿಕಾಗೋಷ್ಠಿಗೆ ಬಂದ ಕೊಹ್ಲಿ, ಒತ್ತಡದಲ್ಲಿ ಯಾರಿಗೆ ಬೇಕಾದರೂ ತಪ್ಪಾಗುತ್ತದೆ ಅಂದರು. ಹಿಂದೆ ತಾನೂ ಪಾಕಿಸ್ತಾನದ ಮೇಲೆ ಕೆಟ್ಟ ಶಾಟ್ ಹೊಡೆದು ಔಟಾಗಿ, ರಾತ್ರಿ ನಿದ್ದೆ ಬರದೆ, ಕರಿಯರ್ ಮುಗಿಯಿತು ಅಂದುಕೊಂಡಿದ್ದನ್ನು ಹೇಳಿಕೊಂಡರು. 2024ರ ಟಿ20 ವಿಶ್ವಕಪ್‌ನಲ್ಲಿ ಅದೇ ಅರ್ಷದೀಪ್ 17 ವಿಕೆಟ್ ತೆಗೆದರು. ಕೊಹ್ಲಿ ಮಾತಿನಿಂದಲೇ 17 ವಿಕೆಟ್ ಬಂತು ಅಂತ ನಾನು ಹೇಳುತ್ತಿಲ್ಲ, ಲೆಕ್ಕದ ಮೇಡಂ ಬಿಡುವುದಿಲ್ಲ. ಆದರೆ ಬೈಯುವವರು ಎಷ್ಟೇ ಇದ್ದರೂ ತಂಡದ ದೊಡ್ಡವರು ಜೊತೆಗೆ ನಿಂತರೆ ಹುಡುಗ ಮತ್ತೆ ಬಾಲ್ ಕೇಳುತ್ತಾನೆ.

ಆಟಗಾರ್ತಿಯ ಅಮ್ಮ:
ನನ್ನ ಮಗಳು ಖೊ ಖೊ ಆಡುತ್ತಾಳೆ. ಅಪ್ಪ ಅಮ್ಮಂದಿರ ಪರವಾಗಿ ಒಂದು ಮಾತು. ಮ್ಯಾಚ್ ಮುಗಿಸಿ ಮನೆಗೆ ಬರುವ ದಾರಿ ಇದೆಯಲ್ಲ, ಅದು ಮಕ್ಕಳಿಗೆ ಎರಡನೇ ಮ್ಯಾಚ್. ಬೈಕ್ ಮೇಲೆ ಹಿಂದೆ ಕೂರಿಸಿಕೊಂಡು ಯಾಕೆ ಹಾಗೆ ಓಡಿದೆ, ಯಾಕೆ ಡೈವ್ ಹೊಡೆಯಲಿಲ್ಲ ಅಂತ ನಮ್ಮವರು ಶುರು ಮಾಡುತ್ತಿದ್ದರು. ಪ್ರೀತಿಯಿಂದಲೇ. ಒಂದು ದಿನ ಮಗಳು "ಅಪ್ಪಾ, ನೀವು ಮ್ಯಾಚ್‌ಗೆ ಬರಬೇಡಿ" ಅಂದಳು. ಈಗ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಮ್ಯಾಚ್ ಬಗ್ಗೆ ಅವಳು ಮೊದಲು ಮಾತೆತ್ತುವವರೆಗೆ ನಾವು ಎತ್ತುವುದಿಲ್ಲ. ಊಟ ಏನು ಬೇಕು ಅಂತ ಮಾತ್ರ ಕೇಳುತ್ತೇವೆ. ಪೋಷಕರ ಸಭೆ ಕರೆದರೆ ಇದನ್ನು ಹೇಳಿ ಸರ್.

ಮನಶ್ಶಾಸ್ತ್ರದ ವಿದ್ಯಾರ್ಥಿ:
ನಾನು ಎಂಎಸ್ಸಿ ಓದುತ್ತಿದ್ದೇನೆ, ಡಾಕ್ಟರ್ ಅಲ್ಲ. ಎರಡು ವಿಷಯ ಹೇಳಬಹುದು.

2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಒಂದು ಪ್ರಯೋಗ ಪ್ರಕಟವಾಯಿತು. ಹಾಕಿಕೊಳ್ಳಲು ಮುಜುಗರವಾಗುವ ಟಿ ಶರ್ಟ್ ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಇತರರಿದ್ದ ಕೋಣೆಗೆ ಕಳಿಸಿದರು. ಶರ್ಟ್ ಮೇಲೆ ಯಾರ ಚಿತ್ರ ಇತ್ತು ಅನ್ನುವುದನ್ನು ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ, ಸುಮಾರು ಅರ್ಧದಷ್ಟು ಅಂದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು. ನಾವು ಅಂದುಕೊಂಡಷ್ಟು ಜನ ನಮ್ಮನ್ನು ನೋಡುತ್ತಿರುವುದಿಲ್ಲ ಅಂತ ಹುಡುಗಿಗೆ ಹೇಳಬಹುದು.

ಇನ್ನೊಂದು. ಭಯವಾದಾಗ ನಾವು ನಮ್ಮ ಕೈಕಾಲನ್ನೇ ಗಮನಿಸಲು ಶುರು ಮಾಡುತ್ತೇವೆ. ಅಭ್ಯಾಸವಾಗಿ ತಾನಾಗಿ ಬರುತ್ತಿದ್ದ ಚಲನೆ ಅಲ್ಲಿ ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಒಂದೊಂದೇ ಹೆಜ್ಜೆಯ ಬಗ್ಗೆ ಯೋಚಿಸಿದರೆ ಎಡವುತ್ತೇವಲ್ಲ, ಹಾಗೆ. ಅದಕ್ಕೆ ರೈಡ್‌ಗೆ ಮೊದಲು ಕಣ್ಣಿಗೆ ಹೊರಗಿನ ಒಂದು ಕೆಲಸ ಕೊಡಿ. "ಬಲ ಕಾರ್ನರ್‌ನವಳ ಮುಂಗಾಲು ನೋಡು." ಅಷ್ಟೇ. ನಡುಗೆರೆ ದಾಟುವ ಮೊದಲು ಒಮ್ಮೆ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಲಿ.

ಕರಾವಳಿ ರೈಡರ್:
ಎರಡನೆಯದು ಸರಿ. ಮೊದಲನೆಯದು ಬೇಡ ತಮ್ಮಾ. ಆ ಪ್ರಯೋಗ ಕೋಣೆಯೊಳಗೆ ಕೂತವರದು. ಕಬಡ್ಡಿಯಲ್ಲಿ 30 ಸೆಕೆಂಡ್ ಅಂಕಣದಲ್ಲಿ ಓಡಾಡುವವಳು ರೈಡರ್ ಒಬ್ಬಳೇ, ಸುತ್ತ ನಿಂತವರೆಲ್ಲ ಅವಳನ್ನೇ ನೋಡುತ್ತಾರೆ. ಊರಲ್ಲಿ ವಾರಗಟ್ಟಲೆ ಮಾತಾಡುತ್ತಾರೆ ಕೂಡ. "ಯಾರೂ ನೋಡಲ್ಲ ಬಿಡು" ಅಂದರೆ ಹುಡುಗಿ ನಿಮ್ಮನ್ನು ನಂಬುವುದೇ ನಿಲ್ಲಿಸುತ್ತಾಳೆ. ನೋಡುತ್ತಾರೆ, ಮಾತಾಡುತ್ತಾರೆ, ಆದರೂ ಸಂಜೆ ನಮ್ಮ ತಂಡ ನಿನ್ನ ಜೊತೆಗಿರುತ್ತದೆ ಅನ್ನಿ. ಅದು ನಿಜವಾಗುವ ಹಾಗೆ ಮೊದಲು ತಂಡವನ್ನು ರೆಡಿ ಮಾಡಿ.

ಮನಶ್ಶಾಸ್ತ್ರದ ವಿದ್ಯಾರ್ಥಿ:
ಒಪ್ಪಿದೆ ಅಕ್ಕ. ನಿಮ್ಮ ಮಾತಿಗೆ ಕ್ರಿಕೆಟ್ ಆಟಗಾರ್ತಿ ಜೆಮಿಮಾ ರಾಡ್ರಿಗಸ್ ಕೂಡ ಸಾಕ್ಷಿ. 2025ರ ಅಕ್ಟೋಬರ್ 30, ನವಿ ಮುಂಬೈ, ಮಹಿಳಾ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಮೇಲೆ 339ರ ಗುರಿ, ಇವರು ಅಜೇಯ 127. ಆಮೇಲೆ ಪತ್ರಿಕಾಗೋಷ್ಠಿಯಲ್ಲಿ, ಆ ಟೂರ್ನಿಯ ಉದ್ದಕ್ಕೂ ಆತಂಕದಿಂದ ಅಳುತ್ತಿದ್ದೆ ಅಂತ ಹೇಳಿಕೊಂಡರು. ಜೊತೆಗಿದ್ದ ಸಹ ಆಟಗಾರ್ತಿಯರನ್ನು ನೆನೆದರು.

ಮೇಷ್ಟ್ರೇ, ಒಂದನ್ನು ಗಮನಿಸುತ್ತಿರಿ. ಮ್ಯಾಚ್ ಹಿಂದಿನ ದಿನಗಳಲ್ಲಿ ನಿದ್ದೆ ಬರದಿರುವುದು, ವಾಂತಿ, ಶಾಲೆಗೇ ಬರದಿರುವುದು, ಆಟ ಬಿಟ್ಟು ಕ್ಲಾಸಿನಲ್ಲೂ ಇದೇ ಭಯ, ಹೀಗಿದ್ದರೆ ಅದು ಬರೀ ಆಟದ ವಿಷಯ ಅಲ್ಲ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪಿಟಿ ಮೇಷ್ಟ್ರು:
ತಡವಾಗಿ ಬರೆಯುತ್ತಿದ್ದೇನೆ. ಅಷ್ಟು ದೊಡ್ಡ ತೊಂದರೆ ಏನೂ ಇಲ್ಲ, ಊಟ ನಿದ್ದೆ ಎಲ್ಲ ಸರಿ ಇದೆ.

ಇಲ್ಲಿ ಹೇಳಿದ್ದರಲ್ಲಿ ಕೆಲವು ಮಾಡಿದೆವು. ಕ್ಯಾಪ್ಟನ್ ಮತ್ತೆ ಇನ್ನೊಬ್ಬಳನ್ನು ಕೂರಿಸಿಕೊಂಡು ಮಾತಾಡಿದೆ. ಚಿಕ್ಕವಳು ದೂರು ಹೇಳಿದಳು ಅನ್ನುವ ಹಾಗೆ ಆಗಬಾರದಿತ್ತು. ಅದಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ಕಥೆ ಎತ್ತಿದೆ. 2023ರಲ್ಲಿ ನಮ್ಮ ಮಹಿಳೆಯರು ಚೈನೀಸ್ ತೈಪೆ ಮೇಲೆ 26-25ರಲ್ಲಿ ಗೆದ್ದು ಚಿನ್ನ ತಂದ ಮ್ಯಾಚ್. "ಈ ಒಂದು ಪಾಯಿಂಟ್ ಯಾರದ್ದು ಹೇಳಿ" ಅಂತ ಕೇಳಿದೆ. ಕೊನೆಯ ಪಾಯಿಂಟ್ ತಂದವರದು ಅಂದಳು ಒಬ್ಬಳು. ಹಾಗಾದರೆ ಮೊದಲ 25 ಯಾರದ್ದು, ಎದುರಿನವರಿಗೆ ಹೋದ 25 ಯಾರದ್ದು ಅಂದೆ. ಸ್ವಲ್ಪ ಹೊತ್ತು ಜಗಳವಾಡಿಕೊಂಡರು. ಆಮೇಲೆ ಕ್ಯಾಪ್ಟನ್ನೇ "ಮೂರನೇ ರೈಡ್‌ಗೆ ಯಾವಾಗಲೂ ಅವಳನ್ನೇ ಕಳಿಸೋದು ಬೇಡ ಸರ್, ನಾವೂ ಹೋಗ್ತೀವಿ" ಅಂದಳು. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ. ಈಗ ಮೂವರು ಸರದಿ ಮೇಲೆ ಹೋಗುತ್ತಾರೆ. ಸೀನಿಯರ್‌ಗಳೂ ಸಿಕ್ಕಿಬಿದ್ದು ಬಂದು ಕೂರುತ್ತಾರೆ. ಅದೇ ದೊಡ್ಡ ಔಷಧಿ ಆಯಿತು ಅನ್ನಿಸುತ್ತದೆ.

ಪ್ರಾಕ್ಟೀಸ್‌ನಲ್ಲಿ ವಾರಕ್ಕೊಂದು ದಿನ ಗಲಾಟೆ ದಿನ ಅಂತ ಮಾಡಿದೆವು. ಹುಡುಗರನ್ನು ಸುತ್ತ ನಿಲ್ಲಿಸಿ ಕೂಗಿಸುವುದು, ಪ್ರಾರ್ಥನೆಯ ಮೈಕ್‌ನಲ್ಲಿ ಕಾಮೆಂಟರಿ. ಮೈಕ್ ಹಿಡಿಯುವ ಸರದಿ ಹುಡುಗಿಯರದ್ದೇ. ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಆ ದಿನ ಪಾಯಿಂಟ್ ಲೆಕ್ಕ ಇಡುವುದಿಲ್ಲ. ಯಾರು ಎಷ್ಟು ಸಲ ಬೋನಸ್‌ಗೆ ಕಾಲು ಹಾಕಿದರು, ಎಷ್ಟು ಸಲ ಮುಟ್ಟಲು ಹೋದರು ಅನ್ನುವುದು ಮಾತ್ರ ಲೆಕ್ಕ. ಸಿಕ್ಕಿಬಿದ್ದರೂ ಲೆಕ್ಕಕ್ಕೆ ಬರುತ್ತದೆ, ಖಾಲಿ ಬಂದರೆ ಇಲ್ಲ.

ತಾಲ್ಲೂಕು ಮಟ್ಟದಲ್ಲಿ ಸೆಮಿಫೈನಲ್ ಸೋತೆವು. ಅವಳು ಆ ಮ್ಯಾಚ್‌ನಲ್ಲಿ ಬೇಗನೇ ಸಿಕ್ಕಿಬಿದ್ದಳು. ಹೋಗಿ ಕೂತು, ಕಣ್ಣು ಕೆಂಪು ಮಾಡಿಕೊಂಡಿದ್ದಳು. ಆದರೆ ಒಳಗೆ ಬಂದ ಮೇಲೆ ಮುಂದಿನ ರೈಡ್ ತಾನೇ ಕೇಳಿಕೊಂಡು ಹೋದಳು. ಒಂದು ಸಲ ಬೋನಸ್ ತಂದಳು, ಇನ್ನೊಂದು ಸಲ ಮತ್ತೆ ಸಿಕ್ಕಿಬಿದ್ದಳು. ಖಾಲಿ ರೈಡ್ ಕಡಿಮೆ ಆಯಿತು, ಔಟ್ ಜಾಸ್ತಿ ಆಯಿತು. ಸದ್ಯಕ್ಕೆ ನನಗೆ ಅದೇ ಸಾಕು.

ಈಗ ಹೊಸ ತಲೆನೋವು. ನಮ್ಮ ಎಡ ಕಾರ್ನರ್ ಹುಡುಗಿ ಮುಂದೆ ಹೋಗಿ ಕಾಲು ಹಿಡಿಯುವುದನ್ನೇ ಬಿಟ್ಟಿದ್ದಾಳೆ. ತಪ್ಪಿದರೆ ಎದುರಿನವರಿಗೆ ಪಾಯಿಂಟ್ ಹೋಗುತ್ತದೆ ಅಂತ. ಇವಳಿಗೂ ಅದೇ ಮದ್ದು ನಡೆಯುತ್ತಾ?

ವಾಲಿಬಾಲ್ ಸೆಟ್ಟರ್:
ಅರ್ಧ ನಡೆಯುತ್ತದೆ. ಡಿಫೆಂಡರ್ ಒಬ್ಬಳೇ ನುಗ್ಗಿ, ಪಕ್ಕದವಳು ನುಗ್ಗದಿದ್ದರೆ ತಪ್ಪುವುದು ಗ್ಯಾರಂಟಿ ಅಲ್ವಾ? ಅವಳ ಪಕ್ಕ ನಿಲ್ಲುವ ಡಿಫೆಂಡರ್‌ಗಳು, ಅಂದರೆ ಇನ್ ಆಟಗಾರ್ತಿ ಮತ್ತೆ ಕವರ್ ಆಟಗಾರ್ತಿ, ಅವಳ ಹಿಂದೆ ಬರುತ್ತಾರೋ ಇಲ್ಲವೋ ನೋಡಿ. ಅವರು ಬಾರದೆ ಇವಳು ಹಿಂಜರಿದರೆ ಅದನ್ನು ಭಯ ಅನ್ನಲಾಗದು, ಅನುಭವ ಅನ್ನಬೇಕು.

ಹಳೇ ಕಾರ್ನರ್:
ಇದು ನನ್ನ ಸಬ್ಜೆಕ್ಟ್. ಮೇಷ್ಟ್ರೇ, ನಿಮ್ಮ ಜಿಲ್ಲೆ ಯಾವುದು ಅಂತ ನನಗೆ ಖಾಸಗಿಯಾಗಿ ಬರೆಯಿರಿ. ಹತ್ತಿರ ಆದರೆ ಒಂದು ಶನಿವಾರ ಬಂದು ಹೋಗುತ್ತೇನೆ. ಆಂಕಲ್ ಹೋಲ್ಡ್ (ರೈಡರ್‌ಳ ಪಾದದ ಗಂಟು ಹಿಡಿಯುವುದು) ಕೈಯಿಂದ ಹಿಡಿಯುವುದಲ್ಲ, ಕಣ್ಣಿಂದ ಹಿಡಿಯುವುದು. ರೈಡರ್ ಬೋನಸ್‌ಗೆ ಒಂದು ಕಾಲು ಎತ್ತಿದಾಗ ಭಾರವೆಲ್ಲ ನಿಂತ ಕಾಲ ಮೇಲಿರುತ್ತದೆ, ಹೋಗಬೇಕಾದ್ದು ಆಗ. ಮುಂಚೆ ಹೋದರೂ ತಪ್ಪುತ್ತದೆ, ಆಮೇಲೆ ಹೋದರೂ ತಪ್ಪುತ್ತದೆ. ಆ ಹೊತ್ತು ಗೊತ್ತಿಲ್ಲದವಳಿಗೆ ಧೈರ್ಯ ತುಂಬಿ ಏನು ಪ್ರಯೋಜನ? ಪಕ್ಕದ ಇಬ್ಬರನ್ನೂ ಜೊತೆಗೇ ನಿಲ್ಲಿಸಿ, ಮೂವರಿಗೂ ಹೇಳಿಕೊಡುತ್ತೇನೆ.

ಬೈಯುವುದೇ ಇಲ್ಲ ಅಂತ ಮಾತ್ರ ಮಾತು ಕೊಡುವುದಿಲ್ಲ. ಕಮ್ಮಿ ಬೈಯುತ್ತೇನೆ.

ಲೆಕ್ಕದ ಮೇಡಂ:
ಬೈದಿದ್ದು ಎಷ್ಟು ಸಲ ಅಂತ ಹುಡುಗಿಯರ ಹತ್ತಿರ ಲೆಕ್ಕ ಬರೆಸಿ ಮೇಷ್ಟ್ರೇ. ನಮಗೂ ತಿಳಿಸಿ.